ತಾಟಿನ ಎಡಗಡೆ

ನಮ್ಮ ಮನೆಯವರು ಗುದ್ದಾಡುವುದನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಿದವಳಲ್ಲ. ಹೆಂಗಸರನ್ನು ಅಲ್ಲಿಗೆ ಯಾರು ಬಿಡುತ್ತಿದ್ದರು? ನಾನು ನೋಡಿದ್ದು ಬರೀ ಹೋಗುವುದು ಮತ್ತು ಬರುವುದು. ಹೋಗುವಾಗ ನೆಟ್ಟಗಿದ್ದ ಮೂಗು ಬರುವಾಗ ಡೊಂಕಾಗಿರುತ್ತಿತ್ತು. ಊರವರ ಬಾಯಲ್ಲಿ ಅವರು ಹುಲಿ. ಆ ಹುಲಿಯ ಹರಿದ ತುಟಿಗೆ ಅರಿಶಿನ ಒತ್ತಿದವಳು ನಾನು. ಯಾರಾದರೂ ನನ್ನ ಮುಂದೆ ಹುಲಿ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನನ್ನ ತವರು ಕೊಹಿನೂರ ಎಂಬ ಹಳ್ಳಿ, ಕೊಟ್ಟದ್ದು ಕಲ್ಯಾಣಕ್ಕೆ. ಮದುವೆಯಾದಾಗ ಇವರು ಕಿಲ್ಲೆಯ ಹಿಂದಿನ ತಾಲೀಮಿನ ಕೆಂಪು ಮಣ್ಣಿನಲ್ಲಿ ಹೊರಳಾಡುತ್ತಿದ್ದ ಕುಸ್ತಿಯ ಹುಡುಗ. ಆಮೇಲೆ ಪಲ್ಟನ್ ಸೇರಿ ಸಿಕಂದರಾಬಾದಿಗೆ ಹೋದರು. ಅಲ್ಲಿ ಒಬ್ಬ ಹವಾಲ್ದಾರರು ಇವರ ಭುಜ ಮುಟ್ಟಿ ನೋಡಿ, ಕುಸ್ತಿ ಬಿಡಿಸಿ, ಕೈಗೆ ದಪ್ಪ ಚರ್ಮದ ಗವಸು ಹಾಕಿಸಿ ಬಾಕ್ಸಿಂಗ್ ಕಲಿಸಿದರು. ನಮ್ಮ ಮನೆಯಲ್ಲಿ ಎಲ್ಲರೂ ಆ ಹವಾಲ್ದಾರರಿಗೆ ಉಸ್ತಾದರು ಎನ್ನುತ್ತಿದ್ದೆವು. ಪಲ್ಟನ್ನಿನಲ್ಲಿ ಇದ್ದಷ್ಟು ದಿನ ಆಟಕ್ಕೆ ಹಣವಿಲ್ಲ, ಗೆದ್ದರೆ ಒಂದು ಹಿತ್ತಾಳೆ ಕಪ್ಪು. ನಮ್ಮ ಅತ್ತೆ ಒಂದು ಕಪ್ಪಿನಲ್ಲಿ ಸಾಸಿವೆ, ಇನ್ನೊಂದರಲ್ಲಿ ಉಪ್ಪು ತುಂಬಿಟ್ಟಿದ್ದರು. ಆಗ ಪೆಟ್ಟೂ ಕಡಿಮೆ. ರಕ್ತ ಜಾಸ್ತಿ ಬಂದರೆ ಆಟ ನಿಲ್ಲಿಸಿಬಿಡುತ್ತಿದ್ದರಂತೆ.

ಪಲ್ಟನ್ ಬಿಟ್ಟ ಮೇಲೆ ಅದೇ ಕಸುಬಾಯಿತು. ಉಸ್ತಾದರೂ ಪೆನ್ಶನ್ ಪಡೆದು, ಯಾರಿಗೆ ಯಾರು ಜೋಡಿ ಎಂದು ನೋಡಿ ಪಂದ್ಯ ಕೂಡಿಸುವ ಕೆಲಸ ಹಿಡಿದಿದ್ದರು. ಯುದ್ಧದ ಕಾಲ. ಸಿಕಂದರಾಬಾದಿನ ತುಂಬ ಗೋರಾ ಸಿಪಾಯಿಗಳು. ಟಿಕೆಟು ತೆಗೆದು ಕೂತವರಿಗೆ ರಕ್ತ ಕಂಡರೆ ಖುಷಿ, ಆಟ ಯಾಕೆ ನಿಲ್ಲಿಸುತ್ತಾರೆ? ಹೈದರಾಬಾದಿಗೂ ಸೋಲಾಪುರಕ್ಕೂ ಮೋಟಾರು ಸಿಗುತ್ತದೆಂದು ನಾವು ಹುಮನಾಬಾದಿಗೆ ಬಂದು ಮನೆ ಮಾಡಿದೆವು. ಮೋಟಾರಿನ ಹಾರ್ನ್ ಕೇಳಿದರೆ ಸಾಕು, ನಾನು ಬಾಗಿಲ ಸಂದಿಗೆ ಓಡುತ್ತಿದ್ದೆ. ಇಳಿಯುವವರು ನಡೆದು ಬರುತ್ತಾರೋ, ಯಾರಾದರೂ ಹೊತ್ತು ತರುತ್ತಾರೋ!

ಇವರ ತೂಕದ ಮಂದಿಗೆ ವೆಲ್ಟರ್‌ವೇಟ್ ಎನ್ನುತ್ತಾರಂತೆ. ತೂಕ ಒಂದು ಗೆರೆ ದಾಟಿದರೆ ಆ ಜೋಡಿಯಲ್ಲಿ ಆಡುವ ಹಾಗಿಲ್ಲ. ಪಂದ್ಯ ಹತ್ತಿರ ಬಂತೆಂದರೆ ಇವರು ಅಡತ್ ಅಂಗಡಿಗೆ ಹೋಗಿ, ತೊಗರಿ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂತು ತೂಗಿಸಿಕೊಳ್ಳುತ್ತಿದ್ದರು. ಹಮಾಲರು ಇವರಿಗೆ ಮಣಕ್ಕೆ ಏನು ಧಾರಣೆ ಎಂದು ಚಾಷ್ಟಿ ಮಾಡುತ್ತಿದ್ದರಂತೆ. ಇವರೂ ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಬೊಂಬಾಯಿಗೆ ಹೋಗಿ ಗೆದ್ದು ಬಂದರು. ಗೆದ್ದವರ ಮುಖವೇ ಬಾತು ಗುರುತು ಸಿಗದ ಹಾಗಿತ್ತು, ಸೋತವನದು ಹೇಗಿತ್ತೋ ದೇವರೇ ಬಲ್ಲ. ಬಾವು ಇಳಿಯಿತು, ತಲೆನೋವು ಹೋಗಲಿಲ್ಲ. ಅದಾದ ಮೇಲೆ ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯತೊಡಗಿತು. ಎಡಗಡೆ ಇಟ್ಟ ನೀರಿನ ತಂಬಿಗೆ ದಿನಾ ಉರುಳುತ್ತಿತ್ತು. ನನ್ನ ಬಾಯಿ ಸುಮ್ಮನಿರುವುದಲ್ಲ. ಕಣ್ಣು ಬೊಂಬಾಯಿಯಲ್ಲೇ ಬಿಟ್ಟು ಬಂದಿರೇನು ಎಂದು ಬೈದೆ. ಅವರು ಏನೂ ಅನ್ನಲಿಲ್ಲ. ಮಾತಿಗೆ ಮಾತು ಕೊಡುವ ಗಂಡಸು ಸುಮ್ಮನಾದರೆ ಯಾವ ಹೆಂಗಸಿಗೂ ಅಂಜಿಕೆ ಬರುತ್ತದೆ.

ಒಂದು ದಿನ ಉಣ್ಣಲು ಕೂತವರು, "ಯಾಕ, ಇವತ್ತ ಹಿಂಡಿ ಕುಟ್ಟಿಲ್ಲೇನ?" ಎಂದರು. ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇಲ್ಲದೆ ಅವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ನಾನು ಹಾಕಿದ್ದೆ. ತಾಟಿನ ಎಡಗಡೆ, ಅವರ ಕಣ್ಣ ಮುಂದೆಯೇ ಇತ್ತು. ಒಳಗೆ ಹೋದಂತೆ ಮಾಡಿ ಬಂದು ಬಲಗಡೆ ಒಂದಿಷ್ಟು ಹಾಕಿದೆ. ಅದನ್ನು ಉಂಡರು. ಎಡಗಡೆಯದು ಹಾಗೇ ಉಳಿಯಿತು.

ಮರುದಿನ ಬೇಕೆಂದೇ ಎಡಗಡೆ ಹಾಕಿದೆ. ಉಳಿಯಿತು. ಅದರ ಮರುದಿನವೂ ಉಳಿಯಿತು. ಕಣ್ಣು ನೋಡಿದರೆ ಎರಡೂ ಸಾಫಾಗಿದ್ದವು, ಪೊರೆಯಿಲ್ಲ, ಕೆಂಪಿಲ್ಲ. ಆದರೆ ಎಡಗಡೆ ಎಂಬುದೇ ಅವರ ಪಾಲಿಗೆ ಇಲ್ಲವಾಗಿತ್ತು. ಬಚ್ಚಲಲ್ಲಿ ಕೂತು ನಾನು ನನ್ನ ಕೈಯನ್ನೇ ಮುಂದೆ ಚಾಚಿ ಲೆಕ್ಕ ಹಾಕಿದೆ. ಎದುರು ನಿಂತವನ ಬಲಗೈ ಇವರಿಗೆ ಯಾವ ಕಡೆಯಿಂದ ಬರುತ್ತದೆ? ಎಡಗಡೆಯಿಂದ. ಅದು ಬರುವುದು ಇವರಿಗೆ ಕಾಣುವುದೇ ಇಲ್ಲ. ಇನ್ನೊಂದು ಪಂದ್ಯಕ್ಕೆ ಹೋದರೆ ಇವರು ಜೀವಸಹಿತ ಬರುವುದಿಲ್ಲ.

ಸೋಲಾಪುರದ ಪಂದ್ಯ ಆಗಲೇ ನಿಗದಿಯಾಗಿತ್ತು. ಹೋಗಬೇಡಿರಿ ಅನ್ನುವ ಹಾಗಿರಲಿಲ್ಲ. ಹೊರಡುವ ಗಂಡಸಿಗೆ ಹೆಂಡತಿ ಅಪಶಕುನ ನುಡಿದಳು, ಅದಕ್ಕೇ ಪೆಟ್ಟು ಬಿತ್ತು ಎಂದು ನಮ್ಮ ಅತ್ತೆಯೇ ಜನ್ಮವಿಡೀ ಅನ್ನದೆ ಬಿಡುತ್ತಿರಲಿಲ್ಲ. ಮೆಲ್ಲಗೆ, ಕಣ್ಣಿಗೇನಾದರೂ ಆಗಿದೆಯೇ ಎಂದು ಕೇಳಿದ್ದಕ್ಕೇ ತಾಟು ಸರಿಸಿ ಎದ್ದರು. ನನಗೆ ತಿಳಿದ ದಾರಿ ಒಂದೇ. ಮನೆಯಲ್ಲಿ ಎಮ್ಮೆ ಹಯನಿತ್ತು. ಬೇಳೆಗೆ ತುಪ್ಪ, ಅನ್ನದ ತಳಕ್ಕೆ ತುಪ್ಪ, ರೊಟ್ಟಿಯ ಒಳಪದರಕ್ಕೆ ತುಪ್ಪ ಸುರಿದೆ. ತೂಕ ಗೆರೆ ದಾಟಿದರೆ ಪಂದ್ಯ ಮುರಿಯುತ್ತದಲ್ಲ!

ದಾಟಿತು. ಅಡತ್ ಅಂಗಡಿಯಿಂದ ಇವರು ಮುಖ ಇಳಿಬಿಟ್ಟು ಬಂದಾಗ ನಾನು ಒಳಗೆ ಹೋಗಿ ದೇವರ ಮುಂದೆ ಊದಿನಕಡ್ಡಿ ಹಚ್ಚಿದೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ. ಅಂದೇ ಸಂಜೆ ಉಸ್ತಾದರು ಮೋಟಾರು ಇಳಿದು ಬಂದರು. ಇವರು ತೂಕದ ಮಾತು ಹೇಳಿದರು. ನಾನು ಒಳಗೆ ಚಾ ಸೋಸುತ್ತ ಕಿವಿಯೆಲ್ಲ ಅಲ್ಲಿಟ್ಟಿದ್ದೆ.

"ತೂಕ ಜಾಸ್ತಿ ಆದ್ರ ಆಗ್ಲಿ ಬೇಟಾ," ಎಂದರು ಉಸ್ತಾದರು. "ಮ್ಯಾಲಿನ ತೂಕದಾಂವ ಒಬ್ಬ ಗೋರಾ ಹಾನ. ಅವನ ಜೋಡಿ ಹಚ್ಚತೀನಿ."

ಚಾ ನನ್ನ ಕೈಮೇಲೆ ಚೆಲ್ಲಿತು. ಉರಿ ತಿಳಿಯಲೇ ಇಲ್ಲ. ಇವರನ್ನು ಉಳಿಸಲು ಹೋಗಿ ಇನ್ನೂ ದೊಡ್ಡ ಕೈಗೆ ಕೊಟ್ಟಿದ್ದೆ. ಪರಗಂಡಸರ ಮುಂದೆ ನಾನು ಎಂದೂ ಹೊರಗೆ ಬಂದವಳಲ್ಲ, ಚಾ ಹೊಸ್ತಿಲ ಮೇಲಿಟ್ಟು ಕೆಮ್ಮಿದರೆ ಇವರೇ ಬಂದು ಒಯ್ಯುತ್ತಿದ್ದರು. ಅಂದು ಬಳೆಗಳನ್ನು ಸದ್ದಾಗದಂತೆ ಮೊಣಕೈಗೇರಿಸಿ, ಸೆರಗು ತಲೆಮೇಲೆ ಎಳೆದು, ಬರಿಗಾಲಲ್ಲಿ ಪಡಸಾಲೆಗೆ ಬಂದೆ. ಇವರ ಎಡಗಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಭುಜಕ್ಕಿಂತ ಒಂದಿಷ್ಟು ಮುಂದೆಯೇ ನಿಂತೆ. ಯಾವ ಗಂಡಸಿಗಾದರೂ ಕಾಣುವ ಜಾಗ.

"ಯಾರರೆ ಆಗ್ಲಿ ಉಸ್ತಾದ, ನಾ ತಯಾರ ಇದ್ದೀನಿ," ಎನ್ನುತ್ತಿದ್ದರು ಇವರು.

ಉಸ್ತಾದರು ನನ್ನನ್ನು ಕಂಡು ಮೊದಲು ಮುಖ ಆಚೆ ತಿರುಗಿಸಿದರು. ಮರ್ಯಾದಸ್ಥರು. ಇವರು ಮಾತಾಡುತ್ತಲೇ ಇದ್ದರು, ಆ ಗೋರಾನನ್ನು ಹೇಗೆ ಹಣಿಯುತ್ತೇನೆ ಎಂದು. ಉಸ್ತಾದರು ಮತ್ತೆ ನನ್ನ ಕಡೆ ನೋಡಿದರು, ಇವರನ್ನು ನೋಡಿದರು. ಅವರ ಗಡ್ಡ ಅದುರಿತು. ಆಮೇಲೆ ತಮ್ಮ ಬಲಗೈಯನ್ನು ಮೆಲ್ಲಗೆ ಎತ್ತಿ, ಅಗಲಕ್ಕೆ ತಂದು, ಇವರ ಎಡಕಿವಿಯ ಕಡೆಗೆ ಒಯ್ದರು. ಅಷ್ಟು ನಿಧಾನವಾಗಿ ಬಂದ ಕೈಗೆ ಕೂಸೂ ಕಣ್ಣು ಮುಚ್ಚುತ್ತದೆ. ಇವರು ರೆಪ್ಪೆ ಅಲುಗಿಸಲಿಲ್ಲ. ಅಂಗೈ ಕೆನ್ನೆಗೆ ತಾಗಿದ ಮೇಲೆಯೇ ಬೆಚ್ಚಿಬಿದ್ದು ಹಿಂದೆ ಸರಿದರು.

"ಬಸ್, ಬೇಟಾ," ಎಂದರು ಉಸ್ತಾದರು. ಚಾ ಕುಡಿಯದೆ ಎದ್ದು, ಇವರ ತಲೆಮೇಲೆ ಕೈಯಿಟ್ಟು, ಕಣ್ಣೊರೆಸಿಕೊಳ್ಳುತ್ತ ಹೋದರು.

ಅವರು ಹೋದ ದಾರಿಯನ್ನೇ ನೋಡುತ್ತ ಇವರು ಹೊರಳಿದಾಗ ನಾನು ಇವರ ಕಣ್ಣಿಗೆ ಬಿದ್ದೆ. ಎಷ್ಟು ಹೊತ್ತಾಯಿತು ನಿಂತು ಎಂದು ಕೇಳಿದರು. ತಯಾರು ಇದ್ದೇನೆ ಅನ್ನುವುದಕ್ಕಿಂತ ಮುಂಚಿನಿಂದ ನಿಂತಿದ್ದೇನೆ ಎಂದೆ. ಆ ಕೈ ನನ್ನ ಮೇಲೆ ಎಂದೂ ಎದ್ದದ್ದಲ್ಲ. ಆದರೆ ಅಂದು ಏಳುತ್ತದೆ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅವರು ಅಡುಗೆಮನೆಯಲ್ಲಿ ತಮ್ಮ ಮಣೆಯ ಮೇಲೆ ಕೂತಿದ್ದರು.

ನಾನು ರೊಟ್ಟಿ ಬಡಿಸಿದೆ. ನಿಜ ಹೇಳುತ್ತೇನೆ, ಅಷ್ಟು ದಿನವೂ ನನ್ನೊಳಗೆ ಒಂದು ಆಸೆ ಇತ್ತು. ನನಗೇ ಭ್ರಮೆ ಇರಬಹುದು, ಅವರಿಗೆ ಹಿಂಡಿ ಬೇಸರ ಬಂದಿರಬಹುದು, ಇವತ್ತು ಕೈ ಚಾಚಿ ತೆಗೆದುಕೊಂಡಾರು ಎಂದು. ಅದಕ್ಕೇ ಅಂದೂ ರೂಢಿಯಂತೆ ಎಡಗಡೆಯೇ ಹಾಕಿದೆ.

ಅವರು ತಾಟಿನ ಮೇಲೆ ಬೆರಳಾಡಿಸಿ ಹುಡುಕಿದರು. ಆಮೇಲೆ ತಲೆ ಎತ್ತದೆ, "ನನಗೂ ಭಾಳ ಅಂಜಿಕಿ ಆಗ್ಯಾದ," ಎಂದರು. "ನಾಳಿಂದ ಹಿಂಡಿ ಬಲಕ್ಕ ಹಾಕು."