ಅವ್ವ ಹೇಳಿದಳು, ಅಪ್ಪ ಬೆರಳಿಟ್ಟರು

ನಿನ್ನೆ ನನ್ನ ಗಂಟಲು ಕೆಟ್ಟಿತೆಂದು ಸೊಸೆ ಜ್ಯೇಷ್ಠಮಧುವಿನ ಕಡ್ಡಿ ತಂದುಕೊಟ್ಟಳು. ಅದರ ಸಿಹಿ ನಾಲಿಗೆಗೆ ತಾಗಿದ್ದೇ ತಡ, ಪುಣೆಯಲ್ಲಿ ಹತ್ತಾರು ಸಂಸಾರಗಳಿದ್ದ ವಾಡೆಯ ನಮ್ಮ ಎರಡು ಕೋಣೆಗಳು ಕಣ್ಣೆದುರು ಬಂದು ನಿಂತವು.

ಆಗ ನನಗೆ ಹತ್ತು ವರ್ಷ, ತಮ್ಮನಿಗೆ ಐದು. ಸ್ವಾತಂತ್ರ್ಯ ಬರಲು ಇನ್ನೂ ಕೆಲವು ವರ್ಷಗಳಿದ್ದವು. ಧಾರವಾಡದ ಕಡೆಯಿಂದ ಬಂದ ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನರಾಗಿದ್ದರು. ದಿನವೂ ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು, ಅವರು ಕನ್ನಡದ ಪುರಾಣ ಓದಬೇಕು, ನಾವು ಕೇಳಬೇಕು. ನನ್ನ ಭಕ್ತಿಯ ಬಗ್ಗೆ ದೊಡ್ಡ ಕಲ್ಪನೆ ಬೇಡ. ನನ್ನ ಕಣ್ಣು ಪುಸ್ತಕದ ಪಕ್ಕದ ಅವಲಕ್ಕಿ ಬಟ್ಟಲ ಮೇಲಿರುತ್ತಿತ್ತು. ಶಾಲೆ ಮರಾಠಿಯದು, ಕನ್ನಡ ಅಕ್ಷರ ಕಂಡರೆ ಎಣ್ಣೆಯಲ್ಲಿ ಬಿಟ್ಟ ಜಿಲೇಬಿಯ ಹಾಗೆ ತೋರುತ್ತಿತ್ತು. ಅಪ್ಪ ಕಲಿಸಲು ಕೂತರೆ ಹೊಟ್ಟೆನೋವೆಂದು ಏಳುತ್ತಿದ್ದೆ.

ಆ ಚಳಿಗಾಲದಲ್ಲಿ ಅಪ್ಪನ ದನಿ ಹೋಯಿತು. ಎರಡು ತಿಂಗಳು ಪಿಟ್ಟೆನ್ನಬಾರದೆಂದು ಡಾಕ್ಟರು ಹೇಳಿದರು. ಅಪ್ಪ ಬಾಯಲ್ಲಿ ಜ್ಯೇಷ್ಠಮಧುವಿನ ತುಂಡಿಟ್ಟುಕೊಂಡು ಸುಮ್ಮನೆ ಕೂತರು. ಕಥೆಯಲ್ಲಿ ಒಬ್ಬ ರಾಣಿ ಕಾಡಿನಲ್ಲಿ ಕೂಸನ್ನು ಕಳೆದುಕೊಂಡು ಅಳುತ್ತಿದ್ದಳು. ಓದು ಅಲ್ಲಿಗೇ ನಿಂತದ್ದಕ್ಕೆ ನನ್ನ ತಮ್ಮ ತಾಟಿನ ಮುಂದೆ ಕೂತು ಅಳತೊಡಗಿದ.

"ಅವ್ವಾ, ರಾಣಿಗೆ ಕೂಸು ಸಿಕ್ತೇನ?"

ಅವ್ವನಿಗೆ ಓದು ಬಾರದು. ಆದರೆ ಆ ಪುರಾಣ ಬಂದದ್ದು ಅವಳ ತವರಿನಿಂದ. ಅವಳ ಅಪ್ಪ ಒಂದೊಂದು ಪದ್ಯ ಓದಿ ಅವಳಿಂದ ಹೇಳಿಸುತ್ತಿದ್ದರಂತೆ. ಹೆಣ್ಣುಮಗಳಿಗೆ ಅಕ್ಷರ ಮಾತ್ರ ಕಲಿಸಲಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ಪುಸ್ತಕ ತೆಗೆದು ಅಪ್ಪನ ಮುಂದಿಟ್ಟಳು.

"ನಾ ಹೇಳ್ತೀನಿ. ನೀವು ಬರೇ ಬೆರಳ ಇಡ್ರಿ."

ಅವ್ವ ಹೇಳಿದಳು, ಅಪ್ಪನ ಬೆರಳು ಸಾಲಿನ ಕೆಳಗೆ ಸರಿಯಿತು. ಎಲ್ಲೂ ತಪ್ಪಲಿಲ್ಲ. ಅಪ್ಪ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಹೀಗೆ ದಿನವೂ ನಡೆಯಿತು. ಅಪ್ಪನ ಪಕ್ಕದಲ್ಲಿ ಕೂತ ನನಗೆ ಏನೋ ಹೊಳೆಯತೊಡಗಿತು. ಅವ್ವನ ಬಾಯಲ್ಲಿ 'ರಾ' ಬಂದಾಗಲೆಲ್ಲ ಬೆರಳಿನ ಮೇಲೆ ಅದೇ ಜಿಲೇಬಿ! ಒಂದೊಂದೇ ಅಕ್ಷರ ನನಗೆ ಗುರುತು ಕೊಡುತ್ತ ಹೋಯಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಪಾಟಿ ಬಳಪ ಕೈಗೆ ಬರುತ್ತಿತ್ತಲ್ಲ.

ತಿಂಗಳಾದ ಮೇಲೆ ಒಂದು ಸಂಜೆ ಅವ್ವ ತಟ್ಟನೆ ನಿಂತಳು.

"ಇಲ್ಲಿಗೆ ಬರೂದ್ರಾಗ ನನ್ನ ಲಗ್ನ ಆತು," ಎಂದಳು ಸಣ್ಣ ದನಿಯಲ್ಲಿ. "ಮುಂದಿಂದು ನಾನೂ ಕೇಳಿಲ್ಲ."

ರಾಣಿ ಇನ್ನೂ ಕಾಡಿನಲ್ಲೇ ಇದ್ದಳು. ಅಪ್ಪನ ಬೆರಳು ಮುಂದಿನ ಸಾಲಿನಲ್ಲಿ ಕಾಯುತ್ತಿತ್ತು. ಓದಲು ಅವರು ಬಾಯಿ ತೆರೆದರು. ಅವ್ವ ಗಾಬರಿಯಾಗಿ, "ಬ್ಯಾಡ್ರಿ!" ಎಂದಳು. ಆಗ ಬಾಯಿ ತೆರೆದವಳು ನಾನು. ಒಂದೊಂದೇ ಅಕ್ಷರ ಕೂಡಿಸಿ, ಕಿವಿ ಕಾದು, ಬೆವರಿ, ಓದಿದೆ. "ರಾಣಿ ಕೂಸನು ಕೊಂಡಳು."

"ಎಲ್ಲಿ? ಮಂಡಯಿಯಾಗೇನ?" ಎಂದ ತಮ್ಮ, ಕಾಯಿಪಲ್ಲೆ ಕೊಳ್ಳುವ ಮಂಡಯಿ ಪೇಟೆಯನ್ನು ನೆನೆದು.

ಅಪ್ಪ ದನಿಯಿಲ್ಲದೆ ಮೈಯೆಲ್ಲ ಕುಲುಕಿಸಿ ನಕ್ಕರು. ಬೆರಳು ಹಿಂದೆ ಬಂದು ಆ ಅಕ್ಷರದ ಮೇಲೆ ನಿಂತಿತು. ಮತ್ತೆ ನೋಡಿದೆ. "ಕಂಡಳು!" ಎಂದೆ. ರಾಣಿ ಕೂಸನ್ನು ಕಂಡಿದ್ದಳು.

ಅವ್ವ ಎರಡೂ ಕೈಯಿಂದ ನನ್ನ ಮುಖ ಹಿಡಿದಳು. ಅಷ್ಟರಲ್ಲಿ ನಾವು ಕಾಕು ಎನ್ನುತ್ತಿದ್ದ ನೆರೆಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ಇಣುಕಿ, "ಪೋಥೀ ಕೋಣ್ ವಾಚತಂಯ್?" ಎಂದು ಕೇಳಿದರು. ಪುರಾಣ ಓದುತ್ತಿರುವುದು ಯಾರು, ಎಂದು. ಮರಾಠಿ ಆಡಲು ಸದಾ ನಾಚುವ ಅವ್ವ ಇಡೀ ವಾಡೆಗೆ ಕೇಳುವಂತೆ ಹೇಳಿದಳು: "ಮಾಝೀ ಮುಲಗೀ!" ನನ್ನ ಮಗಳು!

ಅಪ್ಪನ ದನಿ ಮರಳಿತು. ಪುಸ್ತಕವನ್ನು ಮಾತ್ರ ಅವರು ಮರಳಿ ತೆಗೆದುಕೊಳ್ಳಲಿಲ್ಲ. "ಇನ್ನ ನೀನ ಓದವಾ, ನಾ ಕೇಳ್ತೀನಿ," ಎಂದು ಅವ್ವನ ಪಕ್ಕಕ್ಕೆ ಹೋಗಿ ಕೂತರು.

ಕನ್ನಡ ಯಾರು ಕಲಿಸಿದರೆಂದು ಕೇಳಿದವರಿಗೆ ನಾನು ಇಷ್ಟು ವರ್ಷ 'ಅಪ್ಪ' ಎಂದೇ ಹೇಳುತ್ತ ಬಂದೆ. ಬೆರಳು ಅವರದಲ್ಲವೇ, ಹಾಗೆ. ನಿನ್ನೆ ಇದೆಲ್ಲ ನೆನೆಯುತ್ತ ಕೂತಿದ್ದಾಗ ಮೊಮ್ಮಗಳು ಅದನ್ನೇ ಕೇಳಿದಳು. "ನಮ್ಮವ್ವ," ಎಂದೆ.

"ಆಕಿ ಭಾಳ ಓದಿದ್ದಳೇನ, ಅಜ್ಜಿ?"

"ಒಂದಕ್ಷರಾನೂ ಬರ್ತಿದ್ದಿಲ್ಲ," ಎಂದೆ. ಹೇಳುವಾಗ, ಈ ವಯಸ್ಸಿನಲ್ಲೂ, ಬೆನ್ನು ತಾನಾಗಿ ನೆಟ್ಟಗಾಯಿತು.