ನೋಡಲು ಬಂದವರ ಊಟ

ಕಾಯಿಲೆಯವನನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ನೋಡಲು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ಈ ಎರಡು ಕಟ್ಟಳೆಯ ನಡುವೆ ಸಿಕ್ಕಿಕೊಂಡು ಕಿರಂಗೂರಿನ ಸೌಡಿ ತಮ್ಮಯ್ಯ ದಿನದಿನಕ್ಕೆ ಒಣಗುತ್ತಿದ್ದ. ಬಂದವರು ಎರಡು ಎಳನೀರು, ಇಲ್ಲವೇ ಒಂದು ಪೌಂಡು ಬ್ರೆಡ್ಡು, ಹೆಚ್ಚೆಂದರೆ ಒಂದು ಚಿಪ್ಪು ಬಾಳೆಹಣ್ಣು ತರುತ್ತಿದ್ದರು. ಕೋಳಿಸಾರು, ಮುದ್ದೆ, ಅನ್ನ ಉಂಡು, ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು, "ಎದೆಗುಂದಬ್ಯಾಡ ಕಣ್ಲಾ ತಮ್ಮಯ್ಯ" ಎಂದು ಧೈರ್ಯ ಹೇಳಿ ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಧೈರ್ಯ ಇವನಿಗೆ ಉಳಿಯುತ್ತಿತ್ತು, ತೊಳೆಯುವ ಪಾತ್ರೆ ಅವನ ಹೆಂಡತಿ ಚಲುವಮ್ಮನಿಗೆ.

ಸೌಡಿ ಅಂದರೆ ನಾಲೆಯ ತೂಬು ಎತ್ತಿ ಇಳಿಸುವವನು. ನೀರಾವರಿ ಇಲಾಖೆಯಲ್ಲಿ ಅವನಿಗಿಂತ ಕೆಳಗೆ ಇನ್ನೊಂದು ಕುರ್ಚಿ ಇಲ್ಲ. ಅವನಿಗೂ ಕುರ್ಚಿ ಇಲ್ಲ. ಆದರೆ ಗದ್ದೆಯವನ ಪಾಲಿಗೆ ಸರ್ಕಾರ ಅಂದರೆ ಅವನೇ. ಕಟ್ಟುನೀರಿನ ಕಾಲದಲ್ಲಿ ಈ ವಾರ ಯಾರ ಗದ್ದೆಗೆ, ಬರುವ ವಾರ ಯಾರ ಗದ್ದೆಗೆ ಅನ್ನುವುದು ಮೇಲಿನವರ ಕಾಗದದಲ್ಲಿ ಇದ್ದರೂ, ರಾಟೆ ತಿರುಗಿಸುವ ಕೈ ತಮ್ಮಯ್ಯನದು. ಹಾಗಾಗಿ ನಾಲೆಯುದ್ದಕ್ಕೂ ಯಾವ ಊರಲ್ಲಿ ಮದುವೆಯಾಗಲಿ, ಬೀಗರೂಟವಾಗಲಿ, ಸತ್ತವರ ಹನ್ನೊಂದನೇ ದಿನವಾಗಲಿ, ಮಾರಮ್ಮನಿಗೆ ಮರಿ ಕಡಿಯಲಿ, ಸೌಡಿಗೆ ಒಂದು ಎಲೆ ಮೊದಲೇ ಬೀಳುತ್ತಿತ್ತು. ಅದನ್ನು ಯಾರೂ ಲಂಚ ಅನ್ನಲಿಲ್ಲ. ಅದು ಊಟ. ತಿರುಗಿ ಕರೆಯಬೇಕೆಂದು ಯಾರೂ ಕೇಳಲೂ ಇಲ್ಲ. ಏರಿ ಪಕ್ಕದ ಇಲಾಖೆಯ ಒಂಟಿ ಕೋಣೆಯಲ್ಲಿ ಇದ್ದವನು ಎಲ್ಲಿ ಎಲೆ ಹಾಕುತ್ತಾನೆ?

ನಿವೃತ್ತಿಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟರು. ಹೊತ್ತು ನೋಡುವ ಕೆಲಸ ಮುಗಿದವನಿಗೆ ಗಡಿಯಾರ. ಇಡಿಗಂಟು ಕೈಗೆ ಬಂತು. ಊರಿನ ಸ್ವಂತ ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸಿದ. ಮಗ ರವೀಂದ್ರ ಎರಡು ಸೀಮೆ ಹಸು ತಂದು ಡೈರಿಗೆ ಹಾಲು ಹಾಕತೊಡಗಿದ. ಆಗಲೇ ತಮ್ಮಯ್ಯನಿಗೆ ಒಂದು ವಿಷಯ ತಿಳಿಯಿತು. ಸಂಬಳ ಅನ್ನುವುದು ನಾಲೆ ನೀರು. ಸಣ್ಣಗೆ ಬರುತ್ತದೆ, ಸರದಿಯಂತೆ ಬರುತ್ತದೆ, ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಇಡಿಗಂಟು ಕೆರೆ ನೀರು. ತುಂಬಿದ ದಿನ ಊರೆಲ್ಲ ಏರಿ ಮೇಲೆ ನಿಂತು ನೋಡುತ್ತದೆ. ಮಾರನೇ ದಿನದಿಂದಲೇ ಇಳಿಯುತ್ತದೆ. ಬಿಸಿಲು ಕುಡಿದದ್ದೆಷ್ಟು, ಏಡಿ ಬಿಲದಲ್ಲಿ ಸೋರಿದ್ದೆಷ್ಟು ಯಾರಿಗೂ ಗೊತ್ತಾಗುವುದಿಲ್ಲ.

ವರ್ಷ ತುಂಬುವ ಮೊದಲೇ ಬಾಯಲ್ಲಿ ಹುಣ್ಣು ಕಂಡಿತು. ಏರಿ ಮೇಲೆ ತಿರುಗುವಾಗ ಹೊಗೆಸೊಪ್ಪು ಸುಣ್ಣ ತಿಕ್ಕಿ ಒತ್ತಿಡುತ್ತಿದ್ದ ಎಡಗೆನ್ನೆಯಲ್ಲೇ. ಶ್ರೀರಂಗಪಟ್ಟಣದ ಡಾಕ್ಟರು ಮುಲಾಮು ಕೊಟ್ಟು ನೋಡಿ, ಆಮೇಲೆ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನ ಡಾಕ್ಟರು ಸುತ್ತಿ ಬಳಸಿ ಮಾತಾಡುವ ಆಸಾಮಿಯಲ್ಲ. ಕ್ಯಾನ್ಸರು, ಕೆನ್ನೆಯನ್ನೂ ದವಡೆಯ ಒಂದು ತುಂಡನ್ನೂ ತೆಗೆಯಬೇಕು, ಈಗಲಾದರೆ ಉಳಿಯಬಹುದು, ಇಂಥಾ ದಿನ ಬಾ ಎಂದರು.

ಆ ದಿನ ಅವನು ಹೋಗಲಿಲ್ಲ. ಕೆ.ಆರ್. ಪೇಟೆಯಲ್ಲಿದ್ದ ಅಕ್ಕ ಓಡಿ ಬಂದು ಹೊಸಲಲ್ಲಿ ಕೂತುಬಿಟ್ಟಳು. "ಕತ್ತಿ ಬೀಳಾಕ್ ಮುಂಚೆ ನೆಂಟ್ರು ಇಷ್ಟ್ರು ಬಂದು ಈ ಮಖ ನೋಡ್ಕಳ್ಳಿ ಕಣಪ್ಪ. ಆಮ್ಯಾಕೆ ಇರೋದು ಇನ್ನೊಂದು ಮಖ. ಬದುಕಿರೋವಾಗಿನ ಮಖ ನೋಡ್ದೆ ಹೋದ್ವಲ್ಲ ಅಂತ ಜನ ನನ್ನ ಕೇಳ್ತಾರೆ." ನಮ್ಮ ಕಡೆ ಇದು ನಡೆದು ಬಂದದ್ದೇ. ತಮ್ಮಯ್ಯನೂ ಬೇರೆಯವರ ಮುಖ ಹೀಗೆ ನೋಡಿ, ಉಂಡು ಬಂದವನು. ಬೇಡ ಅನ್ನಲು ಬಾಯಿ ಬರಲಿಲ್ಲ. ಎಲ್ಲರೂ ನೋಡಿಕೊಳ್ಳಲಿ, ಆಮೇಲೆ ಹೋದರಾಯಿತು ಅಂದುಕೊಂಡ. ಹುಣ್ಣು ಯಾರಿಗೂ ಕಾಯುವುದಿಲ್ಲ ಅನ್ನುವುದು ಅವನಿಗೆ ಆಮೇಲೆ ಗೊತ್ತಾಯಿತು. ಡಾಕ್ಟರು ಇನ್ನೊಂದು ತಾರೀಖು ಕೊಟ್ಟು, "ಈ ಸೋಮವಾರವೂ ತಪ್ಪಿಸಿದರೆ ನಾನು ಕೈ ಇಡುವುದಿಲ್ಲ. ಇಟ್ಟರೂ ಪ್ರಯೋಜನವಿಲ್ಲ" ಎಂದಿದ್ದರು.

ಅಷ್ಟರಲ್ಲಿ ನೆಂಟರು ನೆರೆ ಬಂದಂತೆ ಬರುತ್ತಿದ್ದರು. ನೆಂಟರಲ್ಲದೆ ನಾಲೆಯುದ್ದದ ಊರುಗಳವರೂ ಬಂದರು, ಯಾರ ಮನೆಯಲ್ಲಿ ಇವನು ಉಂಡಿದ್ದನೋ ಅವರು. ತಮ್ಮಯ್ಯ ಅಗಿಯಲಾರ. ಜಗಲಿಯ ಕಂಬಕ್ಕೊರಗಿ ಲೋಟದಲ್ಲಿ ಗಂಜಿ ಇಟ್ಟುಕೊಂಡು ಕೂತರೆ ಒಳಗಿಂದ ಮಸಾಲೆ ಹುರಿಯುವ ವಾಸನೆ. ಉಂಡು ಬಂದವರ ಮಾತು ಬೇರೆ.

"ನಮ್ಮೂರಲ್ಲಿ ಒಬ್ಬನಿಗೆ ಇಂಗೇ ಆಗಿತ್ತು. ಆಪರೇಷನ್ ಮಾಡ್ಸುದ್ರು."

"ಈಗ ಎಂಗವ್ನೆ?"

"ವೋಗ್ಬುಟ್ಟ. ಅದ್ಕೇನು, ನಿಂಗೆ ಅಂಗಾಗಾಕಿಲ್ಲ ಬುಡು. ಚಲುವಮ್ಮ, ಸಾರು ಬೋ ಚೆನ್ನಾಗಿತ್ತು, ಉಪ್ಪು ಒಂದು ಚೂರು ಮುಂದು."

ಅವರು ಹೋದ ಮೇಲೆ ಚಲುವಮ್ಮ ಸೆರಗಿಂದ ಮುಖ ಒರೆಸಿಕೊಂಡು ಹೇಳುತ್ತಿದ್ದಳು, "ಊರೂರ ಮ್ಯಾಲೆ ಉಂಡ್ಯಲ್ಲ, ಈಗ ಕಕ್ಕು." ಸಿಟ್ಟಿನಿಂದ ಹೇಳಿದ್ದಲ್ಲ. ಸುಸ್ತಾಗಿತ್ತು ಅವಳಿಗೆ. ಅವನಿಗೂ ಸುಸ್ತಾಗಿತ್ತು. ಸಾಯುವ ಭಯಕ್ಕಿಂತ ದೊಡ್ಡ ಸುಸ್ತು ಅದು. ಬಂದವರ ಮುಂದೆ ದಿನವೂ ಕಾಯಿಲೆಯ ಕಥೆಯನ್ನು ಮೊದಲಿಂದ ಹೇಳುವ ಸುಸ್ತು.

ಬುಧವಾರ ಬೆಳಿಗ್ಗೆ ಹಾಲಿನ ಡೈರಿಯಿಂದ ಬಂದ ರವೀಂದ್ರ ಸುದ್ದಿ ತಂದ. ನಾಗಮಂಗಲದ ಕಡೆ ಕೊಟ್ಟಿದ್ದ ಮಗಳು ಅನಸೂಯಳ ಮನೆಯವರು ಭಾನುವಾರ ಬರುತ್ತಾರೆ. ಅವಳ ಮಾವ ಪುಟ್ಟಸ್ವಾಮಿ ಮಟಡೋರ್ ವ್ಯಾನು ಗೊತ್ತು ಮಾಡಿದ್ದಾನೆ, ಅಣ್ಣತಮ್ಮಂದಿರ ಮನೆಯವರೆಲ್ಲ ಹೊರಟಿದ್ದಾರೆ.

ಬೀಗರು ಅಂದರೆ ಕೋಳಿಯಲ್ಲಿ ಮುಗಿಯುವ ಮಾತಲ್ಲ.

"ಒಂದು ಮಟಡೋರ್ ಅಂದ್ರೆ ಎರಡು ಮರಿ" ಎಂದಳು ಚಲುವಮ್ಮ.

"ಊಂ."

"ಎರಡು ಮರಿ ಅಂದ್ರೆ ನಿನ್ನ ದವಡೆ."

ಅವಳು ಹೇಳಿದ್ದು ಸರಿಯಾಗೇ ಇತ್ತು. ಬ್ಯಾಂಕಿನಲ್ಲಿ ಉಳಿದದ್ದು ಆಸ್ಪತ್ರೆಯ ಖರ್ಚಿಗೆ, ಮೈಸೂರಿನಲ್ಲಿ ಇವಳು ಉಳಿಯುವುದಕ್ಕೆ, ಔಷಧಿಗೆ ಹಿಡಿದು ಹಿಡಿದು ಸರಿಹೋಗುತ್ತಿತ್ತು. ಅದರಲ್ಲಿ ಮರಿ ಕಡಿದರೆ ಸೋಮವಾರ ಹೋಗುವ ಮಾತಿಲ್ಲ. ಬೀಗರಿಗೆ ಸೊಪ್ಪಿನ ಸಾರು ಬಡಿಸಿದರೆ ಮಗಳು ಬದುಕಿರುವ ತನಕ ಆ ಮನೆಯಲ್ಲಿ ಅದನ್ನು ಕೇಳಬೇಕು.

ಆ ದಿನವೆಲ್ಲ ಅವನು ಅದನ್ನೇ ಯೋಚಿಸುತ್ತಿರುವಾಗ ಹಳೆಯದೊಂದು ನೆನಪಾಯಿತು. ಬರಗಾಲದ ಒಂದು ವರ್ಷ ರೈತರು ಹಸಿರು ಟವಲು ಹಾಕಿಕೊಂಡು ನಾಲೆ ಏರಿ ಮೇಲೆ ಧರಣಿ ಕೂತಿದ್ದರು. ತಮ್ಮಯ್ಯ ಇಲಾಖೆಯ ಕಡೆ ನಿಂತು ನೋಡಿದ್ದ. ಪೊಲೀಸರ ಕೈಲಿ ಲಾಠಿ, ಸಾಹೇಬರ ಕೈಲಿ ಕಾನೂನು. ಕೂತವರ ಹತ್ತಿರ ಮೈಯೊಂದು ಬಿಟ್ಟು ಏನೂ ಇರಲಿಲ್ಲ. ಆ ಮೈಯನ್ನೇ ತಂದು ಎದುರಿಗೆ ಹಾಕಿ, ಏಳುವುದಿಲ್ಲ ಅಂದರು. ಕೊನೆಗೆ ತೂಬು ಎತ್ತಲು ಹೇಳಿ ಕಳಿಸಿದ್ದು ಇವನಿಗೇ.

ಗುರುವಾರ ಬೆಳಿಗ್ಗೆ ಟವಲನ್ನು ಕೆನ್ನೆಗೆ ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದ. ಪಾಂಡವಪುರ ದಾಟುವವರೆಗೂ ಕಬ್ಬು, ಭತ್ತ. ಎಲ್ಲೆಲ್ಲಿ ತೂಬಿದೆ ಅಂತ ಕಣ್ಣು ತಾನಾಗೇ ಹುಡುಕುತ್ತಿತ್ತು. ಆಮೇಲೆ ನಾಲೆ ಹಿಂದೆ ಉಳಿಯಿತು. ಕಲ್ಲು, ಹುರುಳಿ ಹೊಲ, ರಾಗಿ. ಆ ಕಡೆಯವರಿಗೆ ನಾಲೆ ಬಯಲಿನವರೆಲ್ಲ ದುಡ್ಡಿನವರೇ. ಹೆಣ್ಣು ತಂದದ್ದೂ ಅದಕ್ಕೇ.

ಬೀಗ ಪುಟ್ಟಸ್ವಾಮಿ ಹಟ್ಟಿಯಲ್ಲಿ ಹಗ್ಗ ಹೊಸೆಯುತ್ತಿದ್ದವನು ಎದ್ದು ನಿಂತ. "ಇದ್ಯಾಕೆ ಬೀಗ್ರೇ? ಭಾನ್ವಾರ ನಾವೇ ಬತ್ತಿದ್ವಲ್ಲ."

"ನೀವು ನೋಡಾಕೆ ಬರ್ಬೇಕಿತ್ತು. ನಾನೇ ತೋರ್ಸಾಕೆ ಬಂದೆ" ಎಂದ ತಮ್ಮಯ್ಯ. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು. "ಮಟಡೋರ್ ಹತ್ತೋರ್ನೆಲ್ಲ ಕರೀರಿ."

ಅಕ್ಕಪಕ್ಕದ ಮನೆಯವರು ಬಂದು ನೆರೆದರು. ಅನಸೂಯ ಬಾಗಿಲ ಸಂದಿಯಲ್ಲಿ ನಿಂತಳು. ತಮ್ಮಯ್ಯ ಟವಲು ಬಿಚ್ಚಿ, ಬೆಳಕಿಗೆ ತಿರುಗಿ, ಬಾಯಿ ತೆರೆದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಬಗ್ಗಿದವರು ವಾಸನೆಗೆ ಹಿಂದಕ್ಕೆ ಸರಿದರು. ಹೆಂಗಸರು ಮುಖ ತಿರುಗಿಸಿದರು.

"ನೋಡಿದ್ರಾ ಎಲ್ಲಾರೂವೆ? ಇನ್ನು ಕಿರಂಗೂರಲ್ಲಿ ನೋಡಾದು ಏನೂ ಉಳ್ದಿಲ್ಲ."

ಪುಟ್ಟಸ್ವಾಮಿ ಕೋಳಿ ಹಿಡಿಸಿದ. ಬೀಗ ಮನೆಗೆ ಬಂದ ಮೇಲೆ ಅದು ಆಗಲೇಬೇಕು. ಮಧ್ಯಾಹ್ನ ಇಬ್ಬರಿಗೂ ಎದುರುಬದುರು ಎಲೆ ಬಿತ್ತು. ತಮ್ಮಯ್ಯ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಬೆರಳ ತುದಿಯಷ್ಟು ನಾಲಿಗೆಗೆ ಇಟ್ಟ. ಖಾರ ತಾಗಿ ಕಣ್ಣಲ್ಲಿ ನೀರು ಬಂತು, ಬಾಯಿಗೆ ಹೋದದ್ದು ಕಟಬಾಯಲ್ಲಿ ಇಳಿದು ಅಂಗಿಯ ಮೇಲೆ ಬಿತ್ತು. ಒರೆಸಿಕೊಂಡು ಇನ್ನೊಮ್ಮೆ ಇಟ್ಟ. ಅದೂ ಇಳಿಯಿತು. ಎಲೆಯಲ್ಲಿ ಒಂದು ಅಗುಳು ಬಿಟ್ಟು ಏಳದ ಪುಟ್ಟಸ್ವಾಮಿ ಕೈಯನ್ನು ಸಾರಿನಲ್ಲೇ ಇಟ್ಟುಕೊಂಡು ಕೂತಿದ್ದ.

"ಸಾಕು ಬುಡಿ ಬೀಗ್ರೇ" ಎಂದ ಕೊನೆಗೆ.

"ಒಂದು ಮಾತು. ಭಾನ್ವಾರ ನೀವು ಬಂದು ಉಂಡ್ರೆ, ಸೋಮ್ವಾರ ನಾನು ಆಸ್ಪತ್ರೆಗೆ ಹೋಗಾಕಾಗಾಕಿಲ್ಲ."

"ದುಡ್ಡಿಲ್ಲ ಅಂತೀರಾ? ನಾಲೆ ಬಯಲೋರು?"

"ನಾಲೆ ಸರ್ಕಾರದ್ದು. ನಾನು ತೂಬು ಎತ್ತೋನು."

ಪುಟ್ಟಸ್ವಾಮಿಗೆ ಇದು ಸುಲಭವಾಗಿರಲಿಲ್ಲ. "ಬರ್ದೆ ಇದ್ರೆ ಜನ ಏನಂತಾರೆ? ಹೆಣ್ಣು ಕೊಟ್ಟೋನು ಸಾಯಂಗವ್ನೆ, ಈ ಮುಂಡೇವು ತಿರುಗ್ ನೋಡ್ಲಿಲ್ಲ ಅಂತಾರೆ."

"ಬೀಗನೇ ಬಂದು ಬಾಯಿ ತೆಗ್ದು ತೋರ್ಸಿ ಹೋದ ಅನ್ನಿ. ಊರೆಲ್ಲ ಕಂಡದೆ."

"ಆಗ್ಲಿ. ವಾಸಿ ಆದ್ಮೇಲೆ ಬತ್ತೀವಿ. ಆಗ ಮರಿ ಕುಯ್ಸ್ಬೇಕು, ಈಗ್ಲೇ ಹೇಳಿದೀನಿ."

"ಬದುಕಿದ್ರೆ ಎರಡು ಕುಯ್ಸ್ತೀನಿ. ಸತ್ರೆ ಹನ್ನೊಂದನೇ ದಿನಕ್ಕೆ ಎಂಗಿದ್ರೂ ಬಂದೇ ಬತ್ತೀರಲ್ಲ."

ಪುಟ್ಟಸ್ವಾಮಿಗೆ ನಗು ಬಂದು, ನಗಬಾರದೆಂದು ಹೊಳೆದು, ಕೆಮ್ಮಿದ.

ಬಸ್ಸಿನ ತನಕ ಅನಸೂಯ ಬಂದಳು. ಅರಳಿಮರದ ಹತ್ತಿರ ನಿಂತು, "ಮಾನ ಕಳ್ದ್ಬುಟ್ಟೆ ಕಣಪ್ಪ" ಎಂದಳು. "ನಾಳೆಯಿಂದ ಇವ್ರು ಆಡ್ಕಳ್ತಾರೆ. ಇಲ್ಲಿ ಇರೋಳು ನಾನು."

"ಆಡ್ಕಳ್ಲಿ. ಅಪ್ಪ ಇಂಗಿದ್ದ ಅನ್ನಾಕಿಂತ ಇಂಗವ್ನೆ ಅಂತ ಆಡ್ಕಳಾದು ವಾಸಿ."

ಅವಳು ಬಸ್ಸು ಬರುವವರೆಗೂ ನಿಲ್ಲಲಿಲ್ಲ. ಹಸು ಕಟ್ಟಬೇಕು ಎಂದು ಹೊರಟಳು. ತಮ್ಮಯ್ಯನಿಗೆ ಅವಳ ಮಾತು ಸುಳ್ಳು ಅನ್ನಿಸಲಿಲ್ಲ. ಊಟ ಹಾಕಿ ಮಾನ ಉಳಿಸಿಕೊಳ್ಳುವುದು ಉಳ್ಳವರ ಕೆಲಸ. ತನ್ನ ಹತ್ತಿರ ಮಾನವೂ ಇರಲಿ ಜೀವವೂ ಇರಲಿ ಅನ್ನುವಷ್ಟು ಗಂಟು ಇರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದ. ಕಂಡಕ್ಟರು ಕಿರಂಗೂರಲ್ಲಿ ಎಬ್ಬಿಸಿ ಇಳಿಸಿದ.

ಮನೆಯ ಜಗಲಿಯ ಮೇಲೆ ಮತ್ತೊಬ್ಬ ಕೂತಿದ್ದ. ನಾಲೆಯ ಕೊನೆಯ ಊರಿನ ಮುದ್ದಯ್ಯ, ಪಕ್ಕದಲ್ಲಿ ಎರಡು ಎಳನೀರು. ಇವನ ಮಗನ ಮದುವೆಯಲ್ಲಿ ತಮ್ಮಯ್ಯ ಎರಡು ದಿನ ಉಂಡಿದ್ದ. ಚಲುವಮ್ಮ ಬಾಗಿಲಿಂದ ಗಂಡನ ಮುಖ ನೋಡಿದಳು. ಹಿತ್ತಿಲಲ್ಲಿ ಒಂದೇ ಒಂದು ಹುಂಜ ಉಳಿದಿತ್ತು.

"ಏನೈತೆ ಸಾರು?" ಎಂದ ತಮ್ಮಯ್ಯ.

"ಸೊಪ್ಪಿನ ಬಸ್ಸಾರು."

"ಅದ್ನೇ ಬಡಿಸು." ಮುದ್ದಯ್ಯನ ಕಡೆ ತಿರುಗಿ, "ಇವತ್ತಿಂದ ಈ ಮನೇಲಿ ಇಷ್ಟೇ ಕಣ್ಲಾ. ಬೇಜಾರಾದ್ರೆ ಎಳ್ನೀರು ತಿರುಗಾ ಎತ್ಕಂಡ್ ಹೋಗು" ಎಂದ.

ಮುದ್ದಯ್ಯ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತ. "ಬಾಡು ಉಣ್ಣಾಕೆ ನಂಗೇನು ಹಲ್ಲವಾ? ಬಡಿಸವ್ವ" ಎಂದು ಎರಡು ಮುದ್ದೆ ಉಂಡು ಎದ್ದ. ಉಪ್ಪಿನ ಮಾತು ಎತ್ತಲಿಲ್ಲ.

ಭಾನುವಾರ ಮಟಡೋರ್ ಬರಲಿಲ್ಲ. ಅನಸೂಯಳೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಚಲುವಮ್ಮ ಒಂದು ಚೀಲಕ್ಕೆ ಬಟ್ಟೆ, ಲೋಟ, ಚಾಪೆ ತುಂಬಿದಳು. ಹೊಸಲು ದಾಟುವಾಗ ತಮ್ಮಯ್ಯ ಹುಂಜದ ಕಡೆ ನೋಡಿ, "ನೀನೂ ಉಳ್ಕಂಡ್ಯಲ್ಲ ನನ್ಮಗ್ನೇ" ಎಂದ. ಬಾಗಿಲಿಗೆ ಚಿಲಕ ಹಾಕಿ ಇಬ್ಬರೂ ಮೈಸೂರಿನ ಬಸ್ಸಿಗೆ ನಡೆದರು.