ಬೇಸ್ ಹಾಡುವವನ ಹೊಟ್ಟೆಕಿಚ್ಚು

ಬ್ಯಾಂಕಿನವರು ನನ್ನನ್ನು ನಾಸಿಕದಿಂದ ಸಿಲ್ಲೋಡ್ ಎಂಬ ಸಣ್ಣ ಊರಿಗೆ ವರ್ಗ ಮಾಡಿದಾಗ ಮಗಳ ಶಾಲೆ ಅರ್ಧಕ್ಕೆ ಬಿಡಿಸುವುದು ಬೇಡವೆಂದು ಹೆಂಡತಿ, ಮಗಳು ಅಲ್ಲೇ ಉಳಿದರು. ನಾನೊಬ್ಬನೇ ಹೊರಟೆ. ಹತ್ತಿ ವ್ಯಾಪಾರಿಯೊಬ್ಬರ ಮನೆಯ ಮೇಲೆ ಕೋಣೆ ಸಿಕ್ಕಿತು, ಊಟಕ್ಕೆ ಹತ್ತಿರದಲ್ಲೇ ಖಾನಾವಳಿಯಿತ್ತು, ಬ್ಯಾಂಕಿನಲ್ಲಿ ಜನ ಒಳ್ಳೆಯವರಿದ್ದರು. ಇಲ್ಲದ್ದು ಒಂದೇ, ರವಿವಾರ ಹೋಗಿ ಕೂರಲು ನನ್ನದೊಂದು ಚರ್ಚಿನ ಸಭೆ.

ನಾಸಿಕದಲ್ಲಿ ಮರಾಠಿ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನ ಪಕ್ಕದ ಹಾಲ್‌ನಲ್ಲಿ ಗದಗ, ಧಾರವಾಡ, ಬೀದರ ಕಡೆಯ ಕೆಲವು ಕುಟುಂಬಗಳು ಸೇರಿ ಕನ್ನಡದಲ್ಲಿ ಆರಾಧನೆ ನಡೆಸುತ್ತಿದ್ದೆವು. ನಾನು ಬೆಟಗೇರಿಯವನು. ನಮ್ಮ ಕಡೆ ಚರ್ಚಿನಲ್ಲಿ ಹಾಡನ್ನು ನಾಲ್ಕು ದನಿಗಳಲ್ಲಿ ಹಾಡುತ್ತಾರೆ, ರಾಗ ಇರುವುದು ಮೇಲಿನ ದನಿಗೆ, ಉಳಿದ ಮೂರು ಅದಕ್ಕೆ ಜೊತೆ ಕೊಡುತ್ತವೆ. ಹುಡುಗನಾಗಿದ್ದಾಗ ನನ್ನ ಗಂಟಲು ಒಡೆದ ವಾರವೇ ಅಪ್ಪ ನನ್ನನ್ನು ಬೇಸ್ ಹಾಡುವವರ ಬೆಂಚಿಗೆ ತಳ್ಳಿದ್ದರು. ಅಂದಿನಿಂದ ಆ ಕೆಳಗಿನ ದನಿಯೇ ನನ್ನ ಪಾಲು. ನಾಸಿಕದಲ್ಲಂತೂ ಬೇಸ್ ಹಾಡುವವನು ನಾನೊಬ್ಬನೇ.

ಸಿಲ್ಲೋಡಿನ ಮೊದಲ ರವಿವಾರ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಚದ ಮೇಲೆ ಕೂತೆ. ಬೈಬಲ್ ಓದಿದೆ. ಪ್ರಾರ್ಥನೆ ಮಾಡಿದೆ. ಹಾಡಲು ಬಾಯಿ ತೆರೆದಾಗ ಗೊತ್ತಾಯಿತು, ನನಗೆ ಒಂದು ಹಾಡಿನ ರಾಗವೂ ಬರುವುದಿಲ್ಲ. ಬಾಯಿಗೆ ಬರುತ್ತಿದ್ದದ್ದು ಬೇಸ್ ಮಾತ್ರ. ಉಳಿದ ಮೂರು ದನಿಗಳಿಲ್ಲದೆ ಅದು ಹಾಡೇ ಅಲ್ಲ. ಒಂದೇ ಸ್ವರದಲ್ಲಿ ಗುಂಯ್‌ಗುಟ್ಟುತ್ತದೆ, ಒಮ್ಮೆ ಕೆಳಗಿಳಿಯುತ್ತದೆ, ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಹಟಕ್ಕೆ ಬಿದ್ದು ಮೂರು ಚರಣ ಹಾಡಿದೆ. ಕೆಳಗಿನಿಂದ ಮನೆಯೊಡತಿ ಮೆಟ್ಟಿಲ ತನಕ ಬಂದು, “ಸಾಹೇಬ, ತಬ್ಯೇತ್ ಬರೀ ನಾಹೀ ಕಾ?” ಎಂದು ಕೇಳಿದರು. ಮೈಗೆ ಹುಷಾರಿಲ್ಲದೆ ನಾನು ನರಳುತ್ತಿದ್ದೇನೆಂದು ಅವರು ತಿಳಿದಿದ್ದರು.

ಮುಂದಿನ ರವಿವಾರಗಳಲ್ಲಿ ಬಸ್ ಹಿಡಿದು ಜಿಲ್ಲಾ ಕೇಂದ್ರ ಛತ್ರಪತಿ ಸಂಭಾಜಿನಗರದ ಒಂದು ಚರ್ಚಿಗೆ ಹೋದೆ. ಅಲ್ಲಿನವರು ಕೈ ಕುಲುಕಿದರು, ಚಹಾ ಕೊಟ್ಟರು, ಏನೂ ಕಡಿಮೆ ಮಾಡಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಕೂತವನ ಕಣ್ಣಿಗೆ ಮುಂದಿನವರೆಲ್ಲ ಕಾಣುತ್ತಾರೆ. ಅಪ್ಪ ಮಗ ಒಂದೇ ಹಾಡಿನ ಪುಸ್ತಕ ಹಿಡಿದಿದ್ದರು. ಹೆಂಡತಿಯೊಬ್ಬಳು ಗಂಡನ ಕಾಲರ್ ಸರಿಮಾಡಿದಳು. ಪಾದ್ರಿಗಳ ಪ್ರಸಂಗ ಕೇಳುವುದನ್ನು ಬಿಟ್ಟು ನಾನು ಇದನ್ನೇ ನೋಡುತ್ತ ಕೂತಿರುತ್ತಿದ್ದೆ. ಆಮೇಲೆ ಮಳೆ ಹಿಡಿಯಿತು, ದಾರಿಯುದ್ದಕ್ಕೂ ರಸ್ತೆ ಕೆಲಸ. ಒಂದು ರವಿವಾರ ಬಸ್ಸು ಕೆಸರಿನಲ್ಲಿ ನಿಂತು ನಿಂತು ಊರು ಮುಟ್ಟುವಷ್ಟರಲ್ಲಿ ಆರಾಧನೆ ಮುಗಿದೇ ಹೋಗಿತ್ತು. ಜನ ನಗುತ್ತ ಹೊರಗೆ ಬರುತ್ತಿದ್ದರು. ಒದ್ದೆ ಬೂಟಿನಲ್ಲಿ ಗೇಟಿನ ಹತ್ತಿರ ನಿಂತ ನಾನು ಆ ಮುಖಗಳನ್ನು ಕಂಡು ಸಿಟ್ಟಾದೆ. ಹೊಟ್ಟೆ ತುಂಬಿದವರನ್ನು ಹಸಿದವನು ನೋಡುವ ಸಿಟ್ಟು. ಅಂದಿನಿಂದ ಆ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದೆ.

ಅದೇ ಸಂಜೆ ಹೆಂಡತಿ ಫೋನಿನಲ್ಲಿ ಹೇಳಿದಳು. “ಏನ್ರಿ, ನಮ್ಮ ಸಭೆಗೆ ಹೊಸದಾಗಿ ಒಬ್ರು ಬಂದಾರ. ಮೈಸೂರಿಂದ ಬದಲಿಯಾಗಿ ಬಂದಾರಂತ. ಎಷ್ಟ್ ಛಂದ ಬೇಸ್ ಹಾಡ್ತಾರಂತೀನಿ!”

“ನನಗಿಂತ ಛಂದ ಏನು?”

ಅವಳು ಅಂದಳು, “ನೀವೂ ಛಂದ ಹಾಡ್ತಿದ್ರಿ ಬಿಡ್ರಿ.”

ಹಾಡ್ತಿದ್ರಿ. ಆ ಒಂದು ಮಾತು ವಾರವಿಡೀ ನನ್ನನ್ನು ಚುಚ್ಚಿತು. ಕ್ಯಾಶ್ ಕೌಂಟರಿನಲ್ಲಿ ಚುಚ್ಚಿತು, ಊಟಕ್ಕೆ ಕೂತಾಗ ಚುಚ್ಚಿತು. ನೋಡದೇ ಇದ್ದ ಆ ಮನುಷ್ಯನಿಗೆ ನಾನು ಅಗಲವಾದ ಎದೆ, ದಪ್ಪ ಮೀಸೆ, ಅಹಂಕಾರದ ನಗೆ ಎಲ್ಲವನ್ನೂ ಕೊಟ್ಟೆ. ನನ್ನ ಬೆಂಚಿನಲ್ಲಿ, ನನ್ನ ಫ್ಯಾನಿನ ಕೆಳಗೆ, ರಾಗ ಹಾಡುವ ನನ್ನ ಹೆಂಡತಿಯ ಸೊಪ್ರಾನೊ ದನಿಯ ಕೆಳಗೆ ತನ್ನ ದನಿಯನ್ನು ಹಾಸುತ್ತಿದ್ದಾನೆ. ಒಂದು ರವಿವಾರ ಮೊಣಕಾಲೂರಿ, ಅವನಿಗೆ ಬೇಗ ಬೇರೆ ಊರಿಗೆ ವರ್ಗವಾಗಲೆಂದೇ ಪ್ರಾರ್ಥಿಸಿದೆ. ಸಭೆಯ ನಡುವೆ ಕೂತು ಯಾರೂ ಇಂಥ ಪ್ರಾರ್ಥನೆ ಮಾಡಲಾರರು, ಪಕ್ಕದವರ ಎದುರು ನಾಚಿಕೆಯಾದರೂ ಇರುತ್ತದೆ. ಒಬ್ಬನೇ ಇದ್ದವನ ನಂಬಿಕೆ ಯಾವ ಕಡೆ ಹರಿಯುತ್ತದೋ ಎಂದು ಆಗ ನನಗೇ ಭಯವಾಯಿತು.

ಕೊನೆಗೆ ಮಗಳಿಗೆ ಫೋನ್ ಮಾಡಿದೆ. “ನನಗ ಹಾಡಿನ ರಾಗ ಕಲಸ್ತೀಯೇನವ್ವಾ?”

ಅವಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಮಾತಾಡುವಾಗ ಹಿಂದಿಗೆ ಜಾರುತ್ತಾಳೆ. ಪ್ರತಿ ರವಿವಾರ ಚರ್ಚಿಗೆ ಹೊರಡುವ ಮುಂಚೆ, ಜಡೆ ಹಾಕಿಸಿಕೊಳ್ಳುತ್ತಲೇ ಒಂದೊಂದು ಸಾಲು ಹಾಡಿ ತೋರಿಸುತ್ತಿದ್ದಳು. ನಾನು ತಿರುಗಿ ಹಾಡುತ್ತಿದ್ದೆ. ಎರಡನೆಯ ಸಾಲಿಗೆ ಗಂಟಲು ತಾನಾಗಿಯೇ ಹಳೆಯ ಜಾಗಕ್ಕೆ ಇಳಿದುಬಿಡುತ್ತಿತ್ತು.

“ಪಪ್ಪಾ, ಆಪ್ ಫಿರ್ ನೀಚೆ ಗಯೇ! ಮ್ಯಾಲೆ ಹೋಗ್ರಿ, ಮ್ಯಾಲೆ!”

ಹಾಗೆ ಬೈಸಿಕೊಳ್ಳುತ್ತ ಕ್ರಿಸ್ಮಸ್ ಹೊತ್ತಿಗೆ ಕೆಲವು ಹಾಡುಗಳು ಬಂದವು. ರಾಗ ಗೊತ್ತಾದ ಮೇಲೆ ಮಾತುಗಳೂ ಕಿವಿಗೆ ಬಿದ್ದವು. ಬೇಸ್ ಹಾಡುವಾಗ ಸ್ವರದ ಕಡೆಗೇ ಗಮನವಿದ್ದುದರಿಂದ ಏನು ಹಾಡುತ್ತಿದ್ದೇನೆಂದು ನಾನು ಅಷ್ಟಾಗಿ ಯೋಚಿಸಿದ್ದೇ ಇರಲಿಲ್ಲ.

ಹಬ್ಬಕ್ಕೆ ನಾಸಿಕಕ್ಕೆ ಹೋದೆ. ಹಾಲ್‌ನೊಳಗೆ ಕಾಲಿಡುತ್ತಲೇ ಅವನನ್ನು ಹುಡುಕಿದೆ. ಸಣಕಲ ಮನುಷ್ಯ, ದಪ್ಪ ಕನ್ನಡಕ, ಮೀಸೆಯೇ ಇಲ್ಲ. ನನ್ನನ್ನು ಕಂಡವನೇ ಎದ್ದು ನಿಂತ. “ಬನ್ನಿ ಸಾರ್, ಇದು ನಿಮ್ಮ ಜಾಗ ಅಂತ ಎಲ್ಲರೂ ಹೇಳ್ತಾರೆ.”

ಅವನು ಕೆಟ್ಟವನಾಗಿದ್ದರೆ ನನಗೆಷ್ಟೋ ಸುಲಭವಾಗುತ್ತಿತ್ತು. ಪಕ್ಕದಲ್ಲಿ ಕೂತೆ. ಮೊದಲ ಹಾಡು ಎತ್ತಿದರು. ನನ್ನ ಬಾಯಿಂದ ಬೇಸ್ ಬರಲಿಲ್ಲ, ಮಗಳು ಕಲಿಸಿದ ರಾಗ ಬಂತು. ಕೆಳಗಿಳಿಯಲು ನೋಡಿದೆ, ದನಿ ಎಡವಿತು. ಹಾರ್ಮೋನಿಯಂ ನುಡಿಸುತ್ತಿದ್ದ ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. ಎರಡನೆಯ ಹಾಡಿಗೆ ನಾನು ಮೆಲ್ಲಗೆ ಎದ್ದು ಹೋಗಿ ಜನರ ನಡುವೆ ಮಗಳ ಪಕ್ಕ ಕೂತೆ. ಅವಳು ತನ್ನ ಪುಸ್ತಕವನ್ನು ಅರ್ಧ ನನ್ನ ಕಡೆ ಸರಿಸಿದಳು.

ಎದುರಿಗೆ ಕೂತು ಬೇಸ್ ಕೇಳಿದ್ದು ಅದೇ ಮೊದಲು. ಅಷ್ಟು ವರ್ಷ ಆ ದನಿಯ ಒಳಗಿದ್ದವನಿಗೆ ಅದು ಹೊರಗೆ ಹೇಗೆ ಕೇಳಿಸುತ್ತದೆಂದು ಗೊತ್ತೇ ಇರಲಿಲ್ಲ. ನೆಲವೇ ಸಣ್ಣಗೆ ಹಾಡಿದ ಹಾಗಿತ್ತು. ಮಕ್ಕಳು, ಮುದುಕರು, ನನ್ನ ಹೆಂಡತಿ, ಎಲ್ಲರ ದನಿಗಳೂ ಅದರ ಮೇಲೆ ನೆಮ್ಮದಿಯಾಗಿ ನಿಂತಿದ್ದವು. ನನ್ನ ಕಣ್ಣು ತುಂಬಿತು. ಭಕ್ತಿಯಿಂದ ಎಂದು ಮಗಳು ತಿಳಿದಿರಬೇಕು. ಭಕ್ತಿಯೂ ಇತ್ತು. ಆದರೆ ಅಷ್ಟು ಚಂದದ್ದು ನನ್ನದಾಗಿ ಉಳಿದಿಲ್ಲವಲ್ಲ ಎಂಬ ಉರಿಯೇ ಹೆಚ್ಚಾಗಿತ್ತು.

ಮನೆಗೆ ಬರುವಾಗ ಹೆಂಡತಿ ಕೇಳಿದಳು, “ಹೆಂಗ ಹಾಡ್ತಾರ್ರಿ ಅವರು?”

“ಛಲೋ ಹಾಡ್ತಾರ,” ಅಂದೆ. ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು.

ಸಿಲ್ಲೋಡಿಗೆ ಮರಳಿದ ಮೇಲೆ ನನ್ನ ರವಿವಾರದ ಪ್ರಾರ್ಥನೆಯಲ್ಲಿ ಆ ಮನುಷ್ಯನನ್ನೂ ಸೇರಿಸಿಕೊಂಡೆ. ವರ್ಗದ ಮಾತು ಬಿಟ್ಟೆ, ಅವನ ಆರೋಗ್ಯ, ಅವನ ಗಂಟಲು ಚೆನ್ನಾಗಿರಲಿ ಎಂದು ಕೇಳುತ್ತೇನೆ. ಕೆಲವು ವಾರ ಅದು ಸರಾಗವಾಗಿ ಬಾಯಿಗೆ ಬರುತ್ತದೆ. ಕೆಲವು ವಾರ, ಮುಖ್ಯವಾಗಿ ಹಿಂದಿನ ಸಂಜೆ ಹೆಂಡತಿ ಅವನನ್ನು ಹೊಗಳಿದ್ದರೆ, ಅನ್ನದಲ್ಲಿ ಕಲ್ಲು ಸಿಕ್ಕವನಂತೆ ತಡೆಯುತ್ತೇನೆ. ಆದರೂ ಹೇಳಿ ಮುಗಿಸುತ್ತೇನೆ, ಆಮೇಲೆ ಪುಸ್ತಕ ತೆರೆದು ಅಂದಿನ ಹಾಡು ಆರಿಸುತ್ತೇನೆ.